ಚೆನ್ನಾಗಿಲ್ಲ ಎಂದರೆ ಸಾಲದು, ಎಲ್ಲಿ ಎಂದು ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಡಿಮೆ ಬಂಡವಾಳದಲ್ಲಿ ತಯಾರಾಗಿ, ಹೆಚ್ಚು ಸದ್ದಿಲ್ಲದೆ ಬಂದು ಹೋಗುವ ಸಸ್ಪೆನ್ಸ್ ಥ್ರಿಲ್ಲರ್ ಚಿತ್ರಗಳನ್ನು ನೋಡಿದವರು ಅವುಗಳ ಬಗ್ಗೆ ಏನು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದು ಇಂದಿನ ನನ್ನ ಮಾತಿನ ವಿಷಯ. ನಾನು ಚಲನಚಿತ್ರ ಸಂಕಲನದ ಕೆಲಸದಲ್ಲಿರುವವನು. ದೃಶ್ಯವನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಇನ್ನೊಂದು ಕ್ಷಣ ಹಿಡಿದಿಡಬೇಕು ಎಂಬ ಲೆಕ್ಕಾಚಾರದಲ್ಲೇ ನನ್ನ ದಿನ ಕಳೆಯುತ್ತದೆ. ಹಾಗಾಗಿ ಚಿತ್ರ ಮುಗಿಸಿಕೊಂಡು ಹೊರಬರುವವರ ಮಾತಿಗೆ ಕಿವಿಗೊಡುವುದು ಅಭ್ಯಾಸವಾಗಿಬಿಟ್ಟಿದೆ. ಆ ಅಭ್ಯಾಸದಿಂದ ಹುಟ್ಟಿದ ಒಂದೇ ಒಂದು ಕೋರಿಕೆಯನ್ನು ನಿಮ್ಮ ಮುಂದಿಡಲು ಬಂದಿದ್ದೇನೆ. ಚಿತ್ರ ಚೆನ್ನಾಗಿದೆ ಎನ್ನಿ, ಚೆನ್ನಾಗಿಲ್ಲ ಎನ್ನಿ, ಎರಡಕ್ಕೂ ನಿಮಗೆ ಹಕ್ಕಿದೆ. ಆದರೆ ಎಲ್ಲಿ ಎಂಬುದನ್ನು ದಯವಿಟ್ಟು ಹೇಳಿ.

ಸಣ್ಣ ಥ್ರಿಲ್ಲರ್ ಚಿತ್ರವೊಂದನ್ನು ನೋಡಿ ಬಂದವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ನಿಮಗೆಲ್ಲ ಗೊತ್ತೇ ಇದೆ. ಮೊದಲಾರ್ಧ ಸ್ವಲ್ಪ ನಿಧಾನ, ನಟನೆ ಪರವಾಗಿಲ್ಲ, ಟ್ವಿಸ್ಟ್ ಮೊದಲೇ ಗೊತ್ತಾಯಿತು, ಒಮ್ಮೆ ನೋಡಬಹುದು. ಈ ಮಾತುಗಳನ್ನು ಎತ್ತಿ ಇನ್ನೊಂದು ಚಿತ್ರದ ಮೇಲೆ ಇಟ್ಟರೂ ಹಾಗೆಯೇ ಹೊಂದಿಕೊಳ್ಳುತ್ತವೆ. ನಿಧಾನವೆಂದರೆ ಯಾವ ದೃಶ್ಯ ನಿಧಾನ? ಟ್ವಿಸ್ಟ್ ಗೊತ್ತಾಯಿತೆಂದರೆ ಯಾವ ಮಾತಿನಿಂದ, ಯಾವ ನೋಟದಿಂದ ಗೊತ್ತಾಯಿತು? ಅದನ್ನು ಹೇಳದಿದ್ದರೆ ಚಿತ್ರ ನೋಡಬೇಕೆಂದಿರುವವನಿಗೂ ಉಪಯೋಗವಿಲ್ಲ, ಚಿತ್ರ ಮಾಡಿದವನಿಗೂ ಉಪಯೋಗವಿಲ್ಲ.

ಸಸ್ಪೆನ್ಸ್ ಎಂಬುದು ಇಡೀ ಚಿತ್ರಕ್ಕೆ ಬಳಿದ ಬಣ್ಣದಂತೆ ಎಲ್ಲ ಕಡೆಯೂ ಒಂದೇ ಸಮನಾಗಿ ಇರುವುದಿಲ್ಲ. ಅದು ಕ್ಷಣಗಳಲ್ಲಿ ಇರುತ್ತದೆ. ಬಾಗಿಲ ಹಿಂದೆ ಒಬ್ಬ ಅವಿತಿದ್ದಾನೆಂದು ನಮಗೆ ಗೊತ್ತು, ಬಾಗಿಲು ತೆರೆಯಲು ಬರುತ್ತಿರುವವಳಿಗೆ ಗೊತ್ತಿಲ್ಲ. ಅವಳು ಚಿಲಕಕ್ಕೆ ಕೈ ಹಾಕುವ ಮೊದಲು ಎಷ್ಟು ಹೊತ್ತು ನಿಲ್ಲಬೇಕು? ಕಡಿಮೆ ನಿಂತರೆ ನಮಗೆ ಭಯಪಡಲು ಅವಕಾಶವೇ ಸಿಗುವುದಿಲ್ಲ. ಹೆಚ್ಚು ನಿಂತರೆ ನಮ್ಮ ಗಮನ ಗೋಡೆಯ ಗಡಿಯಾರದ ಕಡೆಗೆ ಹೋಗುತ್ತದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು, ಒಂದೊಂದೂ ಒಂದು ಸ್ಥಿರಚಿತ್ರ. ಹನ್ನೆರಡು ಚೌಕಟ್ಟು, ಅಂದರೆ ಅರ್ಧ ಸೆಕೆಂಡು, ಹೆಚ್ಚು ಕಡಿಮೆಯಾದರೂ ಬಿಗಿ ಸಡಿಲವಾಗುತ್ತದೆ. ಹೀಗಿರುವಾಗ ಒಟ್ಟಾರೆ ಚಿತ್ರದ ಮೇಲೆ ಒಂದೇ ತೀರ್ಪು ಕೊಟ್ಟು ಎದ್ದುಹೋದರೆ, ನಿಮಗೆ ನಿಜವಾಗಿ ಅನ್ನಿಸಿದ್ದು ನಿಮ್ಮೊಳಗೇ ಉಳಿದುಬಿಡುತ್ತದೆ.

ಇದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆಯೊಂದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. 1962ರಲ್ಲಿ ಅಮೆರಿಕದಲ್ಲಿ ‘ಕಾರ್ನಿವಲ್ ಆಫ್ ಸೋಲ್ಸ್’ ಎಂಬ ಕಪ್ಪು-ಬಿಳುಪು ಚಿತ್ರ ಬಂದಿತು. ಅದರ ನಿರ್ದೇಶಕ ಹರ್ಕ್ ಹಾರ್ವಿ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಶೈಕ್ಷಣಿಕ ಮತ್ತು ಕೈಗಾರಿಕಾ ಕಿರುಚಿತ್ರಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದವರು. ಒಮ್ಮೆ ಕಾರಿನಲ್ಲಿ ಊರಿಗೆ ಹಿಂದಿರುಗುವಾಗ ಯೂಟಾ ರಾಜ್ಯದ ದೊಡ್ಡ ಉಪ್ಪಿನ ಸರೋವರದ ಬಳಿ ಪಾಳುಬಿದ್ದಿದ್ದ ಸಾಲ್ಟೇರ್ ಎಂಬ ವಿಹಾರಮಂದಿರ ಅವರ ಕಣ್ಣಿಗೆ ಬಿತ್ತು. ಅದನ್ನು ನೋಡಿದ ಮೇಲೆ ಅವರಿಗೆ ಸುಮ್ಮನಿರಲಾಗಲಿಲ್ಲ. ಸಹೋದ್ಯೋಗಿ ಜಾನ್ ಕ್ಲಿಫರ್ಡ್ ಚಿತ್ರಕಥೆ ಬರೆದರು. ಸುಮಾರು 33 ಸಾವಿರ ಡಾಲರುಗಳಲ್ಲಿ, ಬೆರಳೆಣಿಕೆಯ ತಂತ್ರಜ್ಞರನ್ನು ಇಟ್ಟುಕೊಂಡು ಚಿತ್ರ ಮುಗಿಯಿತು. ನಾಯಕಿಯನ್ನು ಹಿಂಬಾಲಿಸುವ ಬಿಳಿಚಿದ ಮುಖದ ಆಕೃತಿಯಾಗಿ ನಿರ್ದೇಶಕರೇ ನಟಿಸಿದರು. ಬಿಡುಗಡೆಯಾದಾಗ ಅದನ್ನು ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಹಾರ್ವಿ ಮತ್ತೊಂದು ಪೂರ್ಣಪ್ರಮಾಣದ ಕಥಾಚಿತ್ರವನ್ನು ನಿರ್ದೇಶಿಸಲೇ ಇಲ್ಲ. ಆದರೆ ಟೆಲಿವಿಷನ್‌ನಲ್ಲಿ ತಡರಾತ್ರಿ ಪ್ರಸಾರವಾಗುತ್ತಾ ಆಗುತ್ತಾ ಅದು ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲಿ ಹರಡಿತು. 1989ರಲ್ಲಿ ಮತ್ತೆ ಚಿತ್ರಮಂದಿರಗಳಿಗೂ ಬಂದಿತು.

ಆ ಚಿತ್ರದ ನಡುವೆ ಒಂದು ದೃಶ್ಯವಿದೆ. ನಾಯಕಿ ಮೇರಿ ಬಟ್ಟೆ ಅಂಗಡಿಯಲ್ಲಿ ಉಡುಪೊಂದನ್ನು ಹಾಕಿ ನೋಡುತ್ತಿರುತ್ತಾಳೆ. ಇದ್ದಕ್ಕಿದ್ದಂತೆ ಪರದೆಯ ಮೇಲಿನ ಚಿತ್ರ ನೀರಿನಂತೆ ಅಲುಗುತ್ತದೆ, ಸುತ್ತಲಿನ ಸದ್ದೆಲ್ಲ ನಿಂತುಹೋಗುತ್ತದೆ. ಅವಳು ಅಂಗಡಿಯಾಕೆಯನ್ನು ಮಾತನಾಡಿಸುತ್ತಾಳೆ. ಅಲ್ಲಿ ಯಾರಿಗೂ ಅವಳು ಕಾಣುತ್ತಿಲ್ಲ, ಅವಳ ದನಿ ಕೇಳುತ್ತಿಲ್ಲ. ಬೀದಿಗೆ ಬಂದರೂ ಜಗತ್ತು ಮೂಕವಾಗಿಯೇ ಇರುತ್ತದೆ. ಕೊನೆಗೆ ಉದ್ಯಾನದ ಮರವೊಂದರ ಬಳಿ ನಿಂತಾಗ ಹಕ್ಕಿಯ ದನಿ ಕೇಳಿಸುತ್ತದೆ, ಅದರ ಹಿಂದೆಯೇ ಲೋಕದ ಸದ್ದೆಲ್ಲ ಮರಳುತ್ತದೆ. ರಕ್ತವಿಲ್ಲ, ಕಿರುಚಾಟವಿಲ್ಲ, ಒಂದು ಡಾಲರಿನ ಹೆಚ್ಚುವರಿ ಖರ್ಚೂ ಇಲ್ಲ. ಧ್ವನಿಪಥದಿಂದ ಶಬ್ದವನ್ನು ತೆಗೆದದ್ದಷ್ಟೇ ಅಲ್ಲಿ ನಡೆದ ಕೆಲಸ.

ಈ ಚಿತ್ರವನ್ನು ಆಸಕ್ತರ ಗುಂಪಿಗೆ ತೋರಿಸಿ, ಮುಗಿದ ಮೇಲೆ ಅವರ ಅಭಿಪ್ರಾಯಗಳನ್ನು ಚೀಟಿಗಳಲ್ಲಿ ಬರೆಸಿಕೊಂಡಿದ್ದೆವು. ಬಹುಪಾಲು ಚೀಟಿಗಳಲ್ಲಿ ಇದ್ದದ್ದು ‘ಪರವಾಗಿಲ್ಲ’, ‘ಹಳೆಯ ಕಾಲದ್ದು’, ‘ಆಗಿನ ಮಟ್ಟಿಗೆ ಒಳ್ಳೆಯದು’. ಎರಡು ಚೀಟಿಗಳು ಮಾತ್ರ ಬೇರೆಯಾಗಿದ್ದವು. ಹಿರಿಯರೊಬ್ಬರು, ಇದು ಕಡಿಮೆ ದುಡ್ಡಿನ ಚಿತ್ರವಾದ್ದರಿಂದ ಧ್ವನಿಮುದ್ರಣ ಕೆಟ್ಟಿದೆ, ಬಟ್ಟೆ ಅಂಗಡಿಯ ದೃಶ್ಯದಲ್ಲಿ ಶಬ್ದವೇ ನಿಂತುಹೋಗಿತ್ತು ಎಂದು ಬರೆದಿದ್ದರು. ವಿದ್ಯಾರ್ಥಿನಿಯೊಬ್ಬಳು, ಅಂಗಡಿಯಲ್ಲಿ ಸದ್ದು ನಿಂತಾಗ ತನಗೇ ಕಿವಿ ಕೇಳಿಸದಂತಾಯಿತೆಂದೂ ಪಕ್ಕದಲ್ಲಿದ್ದ ಗೆಳತಿಯ ತೋಳನ್ನು ಹಿಡಿದು ನೋಡಿದೆನೆಂದೂ ಬರೆದಿದ್ದಳು. ಗಮನಿಸಿ, ಇಬ್ಬರೂ ಹೇಳಿದ್ದು ಒಂದೇ ದೃಶ್ಯದ ಬಗ್ಗೆ. ಹಿರಿಯರು ಕಾರಣವನ್ನು ತಪ್ಪಾಗಿ ತಿಳಿದಿದ್ದರು, ಆದರೆ ಜಾಗವನ್ನು ಸರಿಯಾಗಿ ತೋರಿಸಿದ್ದರು. ಜಾಗ ಗೊತ್ತಾದದ್ದರಿಂದಲೇ ಆ ದೃಶ್ಯವನ್ನು ಎಲ್ಲರಿಗೂ ಮತ್ತೊಮ್ಮೆ ತೋರಿಸಲು ಸಾಧ್ಯವಾಯಿತು. ಹಕ್ಕಿಯ ದನಿ ಬಂದಾಗ ಹಿರಿಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆದರೂ ಚಿತ್ರ ಅವರಿಗೆ ಇಷ್ಟವಾಗಲಿಲ್ಲ! ಮುಂದೆ ಇದೇ ಉಪಾಯವನ್ನು ನಿರ್ದೇಶಕರು ಎರಡನೆಯ ಸಲ ಬಳಸುತ್ತಾರೆ, ಸದ್ದು ಮರಳಿ ಬರುತ್ತದೆಂದು ನಮಗೆ ಆಗಲೇ ಗೊತ್ತಿರುವುದರಿಂದ ಎರಡನೆಯ ಸಲ ಭಯವಾಗುವುದಿಲ್ಲ ಎಂದರು. ಎಂತಹ ಒಳ್ಳೆಯ ಆಕ್ಷೇಪಣೆ! ಅದನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ, ಆದರೆ ಆ ಮಾತಿನ ಮೇಲೆ ಒಂದು ಸಂಜೆಯೆಲ್ಲ ಚರ್ಚೆ ಮಾಡಬಹುದು. ‘ಪರವಾಗಿಲ್ಲ’ ಎಂಬ ಚೀಟಿಯ ಮೇಲೆ ಏನು ಚರ್ಚೆ ಮಾಡುವುದು?

ಹಿರಿಯರ ಮೊದಲ ಚೀಟಿಯಲ್ಲಿದ್ದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹೆಸರಾಂತ ನಿರ್ದೇಶಕರ ದುಬಾರಿ ಚಿತ್ರದಲ್ಲಿ ಸದ್ದು ನಿಂತರೆ ನಾವು ಅದನ್ನು ಕಲೆಯೆನ್ನುತ್ತೇವೆ, ಹೆಸರಿಲ್ಲದವರ ಅಗ್ಗದ ಚಿತ್ರದಲ್ಲಿ ನಿಂತರೆ ದೋಷವೆನ್ನುತ್ತೇವೆ. ಇದು ನ್ಯಾಯವಲ್ಲ. ಬಂಡವಾಳದ ಮೊತ್ತವನ್ನು ತಲೆಯಲ್ಲಿಟ್ಟುಕೊಂಡು ಕುಳಿತವರಿಗೆ ಪರದೆಯ ಮೇಲಿರುವುದು ಕಾಣುವುದಿಲ್ಲ. 1997ರ ಕೆನಡಾದ ‘ಕ್ಯೂಬ್’ ಚಿತ್ರವನ್ನು ನೋಡಿದವರಿಗೆ ಅಲ್ಲಿನ ಪಾತ್ರಗಳು ಕೊನೆಮೊದಲಿಲ್ಲದ ಕೋಣೆಗಳ ಜಾಲದಲ್ಲಿ ಅಲೆಯುವುದು ನೆನಪಿರುತ್ತದೆ. ಕಟ್ಟಿದ್ದು ಮುಖ್ಯವಾಗಿ ಒಂದೇ ಕೋಣೆಯ ಸೆಟ್. ಗೋಡೆಯ ಬೆಳಕಿನ ಬಣ್ಣ ಬದಲಿಸಿ ಅದನ್ನೇ ಬೇರೆ ಬೇರೆ ಕೋಣೆಗಳಾಗಿ ತೋರಿಸಿದರು. ನೋಡುವಾಗ ಅದು ನಿಮಗೆ ಗೊತ್ತಾಗಿದ್ದರೆ ಯಾವ ಕೋಣೆಯಲ್ಲಿ ಗೊತ್ತಾಯಿತೆಂದು ಹೇಳಿ. ಗೊತ್ತಾಗದಿದ್ದರೆ ಬಂಡವಾಳದ ಮಾತು ಯಾಕೆ?

ಅಂಕಗಳ ವಿಷಯಕ್ಕೆ ಬರೋಣ. ಈಗ ಎಲ್ಲರೂ ಹತ್ತಕ್ಕೆ ಎಷ್ಟು ಎಂದು ನೋಡಿಯೇ ಚಿತ್ರವನ್ನು ಆರಿಸಿಕೊಳ್ಳುತ್ತಾರೆ. ಹೆಚ್ಚು ಜನ ನೋಡದ ಚಿತ್ರದ ಮಟ್ಟಿಗೆ ಈ ಅಂಕವನ್ನು ನೆಚ್ಚಿಕೊಳ್ಳಬೇಡಿ. ಐವತ್ತು ಜನ ಅಂಕ ಕೊಟ್ಟಿದ್ದಾರೆಂದು ಇಟ್ಟುಕೊಳ್ಳಿ. ನಲವತ್ತು ಜನ ಐದು ಕೊಟ್ಟು, ಚಿತ್ರತಂಡದ ಹತ್ತು ಜನ ಗೆಳೆಯರು ಹತ್ತಕ್ಕೆ ಹತ್ತು ಕೊಟ್ಟರೆ ಸರಾಸರಿ ಐದರಿಂದ ಆರಕ್ಕೆ ಏರುತ್ತದೆ. ಐವತ್ತು ಸಾವಿರ ಜನ ಅಂಕ ಕೊಟ್ಟ ಚಿತ್ರದಲ್ಲಿ ಅದೇ ಹತ್ತು ಜನರಿಂದ ಏನೂ ಆಗುವುದಿಲ್ಲ. ಆದ್ದರಿಂದ ಅಂಕವನ್ನು ಬಿಟ್ಟು, ದೃಶ್ಯವೊಂದರ ಹೆಸರೆತ್ತಿ ಬರೆದವರ ನಾಲ್ಕು ಸಾಲನ್ನು ಹುಡುಕಿ ಓದಿ. ಹೊಗಳಿರಲಿ, ತೆಗಳಿರಲಿ, ಎಲ್ಲಿ ಎಂದು ಹೇಳಿದವರು ಚಿತ್ರವನ್ನು ನೋಡಿದವರು.

ಧ್ವನಿ, ಬೆಳಕು, ಡಬ್ಬಿಂಗ್ ಇವುಗಳ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಕಡಿಮೆ ಉಳಿದಿದೆ. ಒಂದೇ ಮಾತು: ಮಸುಕಾದ ಚಿತ್ರವನ್ನು ಪ್ರೇಕ್ಷಕರು ಕ್ಷಮಿಸುತ್ತಾರೆ, ಕೇಳಿಸದ ಸಂಭಾಷಣೆಯನ್ನು ಕ್ಷಮಿಸುವುದಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಯಾವ ಮಾತು ಕೇಳಿಸಲಿಲ್ಲವೆಂದು ಹೇಳಿ, ಅಷ್ಟು ಸಾಕು.

ಎಲ್ಲಿ ಎಂದು ಹೇಳಿ ಎಂದು ಇಷ್ಟು ಹೊತ್ತು ಕೇಳಿಕೊಂಡೆನಲ್ಲ, ಅದಕ್ಕೆ ಒಂದೇ ಒಂದು ವಿನಾಯಿತಿಯಿದೆ. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ ‘ಸೈಕೋ’ ಚಿತ್ರ ಪ್ರಾರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಚಿತ್ರಮಂದಿರಗಳಿಗೆ ಷರತ್ತು ಹಾಕಿದರು, ಕೊನೆಯನ್ನು ಯಾರಿಗೂ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡರು. ಅವರಿಗೆ ಹೆಸರಿತ್ತು, ಪ್ರಚಾರಕ್ಕೆ ಹಣವಿತ್ತು, ಮಾತು ನಡೆಯಿತು. ಸಣ್ಣ ಚಿತ್ರದವರಿಗೆ ಬಾಗಿಲು ಕಾಯಲು ಯಾರೂ ಇಲ್ಲ. ಹಾಗಾಗಿ ಕೊನೆಯ ಹದಿನೈದು ನಿಮಿಷಗಳನ್ನು ಮುಟ್ಟಬೇಡಿ. ಅದಕ್ಕೆ ಮೊದಲಿನ ಯಾವ ದೃಶ್ಯದಲ್ಲಿ ಉಸಿರು ಬಿಗಿಹಿಡಿದಿರಿ, ಯಾವ ದೃಶ್ಯದಲ್ಲಿ ಆಕಳಿಸಿದಿರಿ ಎಂಬುದನ್ನು ಗೆಳೆಯರಿಗೆ ಧಾರಾಳವಾಗಿ ಹೇಳಿ. ‘ಕಾರ್ನಿವಲ್ ಆಫ್ ಸೋಲ್ಸ್’ ಹೇಗೆ ಮುಗಿಯುತ್ತದೆಂದು ನಾನೂ ಹೇಳಿಲ್ಲ, ಹೇಳುವುದೂ ಇಲ್ಲ. ಸಿಕ್ಕರೆ ನೋಡಿ, ಬಟ್ಟೆ ಅಂಗಡಿಯ ದೃಶ್ಯ ಬಂದಾಗ ಧ್ವನಿಯನ್ನು ಹೆಚ್ಚಿಸಬೇಡಿ. ನಮಸ್ಕಾರ.