ದೂರು ಗವರ್ನರ್ ಮೇಲೆ, ದೋಷ ಎಂಜಿನ್‌ನಲ್ಲಿ

ನಮಸ್ಕಾರ, ಕೇಳುಗರೇ.

ರೇಡಿಯೋ ನಿಯಂತ್ರಿತ ಮಾದರಿ ಹೆಲಿಕಾಪ್ಟರ್ ಹಾರಿಸುವವರು ನಾಲ್ಕು ಜನ ಸೇರಿದರೆ ಒಬ್ಬರ ಬಾಯಿಂದಾದರೂ ಬರುವ ದೂರು ಇದು: ಎಂಜಿನ್ ವೇಗವನ್ನು ಕಾಯುವ ಸಾಧನವಾದ ಗವರ್ನರ್ ಕೈಕೊಟ್ಟಿದೆ, ವೇಗ ಒಂದೇ ಸಮನೆ ನಿಲ್ಲುತ್ತಿಲ್ಲ, ಬೇರೆ ಹಾಕಬೇಕು. ಬೇರೆ ಹಾಕುತ್ತಾರೆ. ಹೊಸದನ್ನು ಕೂರಿಸಿದ ಮೇಲೂ ಎಂಜಿನ್ ಮೊದಲಿನಂತೆಯೇ ಒಮ್ಮೆ ಚೀರುತ್ತದೆ, ಒಮ್ಮೆ ಸೊರಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಇಲ್ಲಿ ತಿರುವುಮುರುವು. ಡೊಂಕಾಗಿರುವುದು ನಿಜವಾಗಿಯೂ ನೆಲವೇ, ಬೈಗುಳ ಮಾತ್ರ ಕುಣಿಯುವವಳಿಗೆ. ವೇಗ ನಿಯಂತ್ರಣದ ತೊಂದರೆ ಬಂದಾಗ ಗವರ್ನರನ್ನು ಕೊನೆಯಲ್ಲಿ ಅನುಮಾನಿಸಬೇಕು, ಎಂಜಿನನ್ನು ಮೊದಲು. ಇಂದಿನ ಮಾತೆಲ್ಲ ಇದರ ಸುತ್ತಲೇ.

ವೇಗ ಒಂದೇ ಸಮನಾಗಿರಬೇಕೆಂಬ ಹಟ ಏಕೆ? ರೋಟರ್ ಹುಟ್ಟಿಸುವ ಎತ್ತುವ ಬಲವು ಅದರ ಸುತ್ತುವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಬ್ಲೇಡ್‌ಗಳ ಕೋನ, ಅಂದರೆ ಪಿಚ್, ಹಾಗೆಯೇ ಇದ್ದು ವೇಗ ಶೇಕಡಾ 10ರಷ್ಟು ಇಳಿದರೆ ಎತ್ತುವ ಬಲ ಸುಮಾರು ಶೇಕಡಾ 19ರಷ್ಟು ಇಳಿಯುತ್ತದೆ. ವೇಗ ಶೇಕಡಾ 10ರಷ್ಟು ಏರಿದರೆ ಬ್ಲೇಡ್‌ನ ಬುಡವನ್ನು ಹೊರಕ್ಕೆ ಎಳೆಯುವ ಬಲ ಶೇಕಡಾ 21ರಷ್ಟು ಏರುತ್ತದೆ. ಬಾಲದ ರೋಟರ್ ಕೂಡ ಇದೇ ಎಂಜಿನ್‌ನಿಂದಲೇ ತಿರುಗುವುದರಿಂದ, ಮುಖ್ಯ ರೋಟರ್‌ನ ವೇಗ ಓಲಾಡಿದರೆ ಬಾಲವೂ ಓಲಾಡುತ್ತದೆ. ಬಾಲವನ್ನು ನೇರವಾಗಿಡುವ ಉಪಕರಣವಾದ ಪಾಪದ ಗೈರೋ ಅದನ್ನು ತಿದ್ದಲು ಹೆಣಗುತ್ತದೆ. ಹಾರಿಸುವವರು ಆಗ ಗೈರೋವನ್ನೂ ಬೈಯುತ್ತಾರೆ.

ಹೆಲಿಕಾಪ್ಟರ್‌ನಲ್ಲಿ ಪಿಚ್ ಹಾಗೂ ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ-ಇಂಧನ ಬಿಡುವ ಬಾಗಿಲು, ಎರಡೂ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್‌ನ ಒಂದೇ ಸ್ಟಿಕ್‌ನಲ್ಲಿವೆ. ಪಿಚ್ ಹೆಚ್ಚಿದಾಗ ರೋಟರ್ ಮೇಲೆ ಭಾರ ಬೀಳುತ್ತದೆ, ಥ್ರಾಟಲ್ ಅದಕ್ಕೆ ತಕ್ಕಷ್ಟು ತೆರೆಯಬೇಕು. ಎಷ್ಟು ತೆರೆಯಬೇಕೆಂದು ನಾವೇ ಊಹಿಸಿ ಟ್ರಾನ್ಸ್‌ಮಿಟರ್‌ನಲ್ಲಿ ಬರೆದಿಡುವುದು ಥ್ರಾಟಲ್ ಕರ್ವ್. ಊಹಿಸದೆ ಅಳೆದು ನೋಡಿ ತೆರೆಯುವುದು ಗವರ್ನರ್. ಎಂಜಿನ್‌ನ ತಂಪುಗೊಳಿಸುವ ಫ್ಯಾನ್‌ನಲ್ಲಿ ಒಂದು ಪುಟ್ಟ ಅಯಸ್ಕಾಂತ, ಎದುರಿಗೆ ಒಂದು ಸೆನ್ಸರ್. ಅಯಸ್ಕಾಂತ ಹಾದುಹೋದಾಗಲೆಲ್ಲ ಒಂದು ಮಿಡಿತ. ಆ ಮಿಡಿತಗಳನ್ನು ಎಣಿಸಿ, ಬೇಕಾದ ವೇಗದೊಂದಿಗೆ ಹೋಲಿಸಿ, ಥ್ರಾಟಲ್ ತೆರೆದು ಮುಚ್ಚುವ ಪುಟ್ಟ ಮೋಟರನ್ನು, ಅಂದರೆ ಸರ್ವೋವನ್ನು, ಅತ್ತಿತ್ತ ಸರಿಸುತ್ತದೆ. ಅದರ ಕೆಲಸ ಇಷ್ಟೇ. ಅದು ಎಂಜಿನ್‌ಗೆ ಶಕ್ತಿ ಕೊಡುವುದಿಲ್ಲ. ಇರುವ ಶಕ್ತಿಯನ್ನು ಕೇಳುತ್ತದೆ, ಅಷ್ಟೆ.

ಹಾಗಾಗಿ ಪರೀಕ್ಷೆ ಶುರುವಾಗಬೇಕಾದದ್ದು ಗವರ್ನರ್ ಸ್ವಿಚ್ಚನ್ನು ಆರಿಸಿ. ಬರೀ ಥ್ರಾಟಲ್ ಕರ್ವ್ ಮೇಲೆ ಹಾರಿಸಿ ನೋಡಿ. ಹಾಗೆಯೂ ಹಾರಬಲ್ಲ ಎಂಜಿನ್‌ಗೆ ಮಾತ್ರ ಗವರ್ನರ್ ಪ್ರಯೋಜನ. ಅನೇಕರು ಕರ್ವ್ ಹೊಂದಿಸುವ ಶ್ರಮ ತಪ್ಪಲಿ ಎಂದೇ ಗವರ್ನರ್ ಹಾಕಿಸಿಕೊಳ್ಳುತ್ತಾರೆ. ಸೆನ್ಸರ್‌ನ ಸಂಕೇತ ನಡುವಾಕಾಶದಲ್ಲಿ ನಿಂತುಹೋದರೆ ಹಲವು ಗವರ್ನರ್‌ಗಳು ಥ್ರಾಟಲನ್ನು ಆ ಕರ್ವ್‌ಗೇ ಒಪ್ಪಿಸಿ ಕೈತೊಳೆದುಕೊಳ್ಳುತ್ತವೆ. ಕರ್ವ್ ಅಡ್ಡಾದಿಡ್ಡಿಯಾಗಿದ್ದರೆ ಆಗ ಏನಾಗುತ್ತದೆ ಎಂಬುದನ್ನು ನೀವೇ ಯೋಚಿಸಿ.

ಬಾನುಲಿಯಲ್ಲಿ ಚಿತ್ರ ತೋರಿಸಲು ಬರುವುದಿಲ್ಲ. ಆದರೆ ಈ ವಿಷಯದಲ್ಲಿ ಅದೇನೂ ಕೊರತೆಯಲ್ಲ. ರೋಗವನ್ನು ಹೆಚ್ಚಾಗಿ ಹೇಳುವುದು ಶಬ್ದವೇ.

ಮೊದಲನೆಯ ಶಬ್ದ, ಮೇಲೇರುವಾಗ ಸೊರಗುವುದು. ಸ್ಟಿಕ್ ಮೇಲೆ ತಳ್ಳುತ್ತೀರಿ, ಹೆಲಿಕಾಪ್ಟರ್ ಏರತೊಡಗುತ್ತದೆ, ಎಂಜಿನ್‌ನ ದನಿ ಕುಗ್ಗುತ್ತದೆ. ಗವರ್ನರ್ ನಿದ್ದೆ ಮಾಡುತ್ತಿದೆ ಎಂದು ಅನಿಸುತ್ತದೆ. ನಿಜದಲ್ಲಿ ಅದು ಆಗಲೇ ಥ್ರಾಟಲನ್ನು ಪೂರ್ತಿ ತೆರೆದು ಕೂತಿರುತ್ತದೆ. ಇನ್ನು ತೆರೆಯಲು ಬಾಗಿಲೇ ಉಳಿದಿಲ್ಲ. ಬಿಸಿ ತಂತಿಯ ಪ್ಲಗ್‌ನಿಂದ ಇಂಧನ ಹೊತ್ತಿಸುವ ಗ್ಲೋ ಎಂಜಿನ್‌ಗಳಲ್ಲಿ ಇದಕ್ಕೆ ಕಾರಣ ಬಹುಪಾಲು ಕಾರ್ಬುರೇಟರ್‌ನಲ್ಲಿ ಇಂಧನದ ಪ್ರಮಾಣ ಹೊಂದಿಸುವ ಸೂಜಿ. ಇಂಧನ ಹೆಚ್ಚಾಗಿ ಮಿಶ್ರಣ ರಿಚ್ ಆಗಿದ್ದರೆ ದಟ್ಟ ಹೊಗೆ, ಗೊರಗೊರ ದನಿ, ಎಂಜಿನ್ ತಡವಾಗಿ ಸ್ಪಂದಿಸುತ್ತದೆ. ಇಂಧನ ಕಡಿಮೆಯಾಗಿ ಲೀನ್ ಆಗಿದ್ದರೆ ಹೊಗೆ ತೆಳು, ಆರಂಭದಲ್ಲಿ ಒಳ್ಳೆಯ ಚುರುಕು, ಉದ್ದನೆಯ ಏರಿಕೆಯ ಕೊನೆಯಲ್ಲಿ ಬಿಸಿಯೇರಿ ಸೊರಗು. ಎರಡರಲ್ಲೂ ಕೊನೆಗೆ ಕೇಳಿಸುವುದು ಸೊರಗಿದ ದನಿಯೇ, ಆದ್ದರಿಂದ ಹೊಗೆಯನ್ನೂ ನೋಡಬೇಕು. ಸೂಜಿಯನ್ನು ಒಳಕ್ಕೆ, ಗಡಿಯಾರದ ಮುಳ್ಳಿನ ದಿಕ್ಕಿಗೆ, ತಿರುಗಿಸಿದರೆ ಲೀನ್. ಹೊರಕ್ಕೆ ತಿರುಗಿಸಿದರೆ ರಿಚ್. ಒಂದೆರಡು ಕ್ಲಿಕ್ ತಿರುಗಿಸಿ, ಹಾರಿಸಿ, ಮತ್ತೆ ಕೇಳಿ. ಅನುಮಾನವಿದ್ದರೆ ರಿಚ್ ಕಡೆಗೇ ಇರಿ. ರಿಚ್ ಎಂಜಿನ್ ಬೇಸರ ತರಿಸುತ್ತದೆ, ಲೀನ್ ಎಂಜಿನ್ ಸುಟ್ಟುಹೋಗುತ್ತದೆ.

ಇಲ್ಲೊಂದು ಮೋಸವಿದೆ. ಗವರ್ನರ್ ಇರುವಾಗ ಎಂಜಿನ್ ಹೆಚ್ಚು ಹೊತ್ತು ಕಳೆಯುವುದು ಅರ್ಧ ತೆರೆದ ಥ್ರಾಟಲ್‌ನಲ್ಲಿ. ಹೆಚ್ಚಿನವರು ಜೋಪಾನವಾಗಿ ಹೊಂದಿಸುವುದು ಪೂರ್ತಿ ತೆರೆದಾಗಿನ ಸೂಜಿಯನ್ನು. ನಡುವಿನ ಮಿಶ್ರಣ ಲೀನ್ ಆಗಿದ್ದು ಎಂಜಿನ್ ಬಿಸಿಯಾಗಿ ಶಕ್ತಿ ಕಳೆದುಕೊಳ್ಳುತ್ತಿದ್ದರೂ, ಗವರ್ನರ್ ಇನ್ನಷ್ಟು ತೆರೆದು ವೇಗವನ್ನು ಹಾಗೇ ಕಾಪಾಡುತ್ತದೆ. ಎಚ್ಚರಿಸಬೇಕಾಗಿದ್ದ ದನಿಯ ಇಳಿತ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಗವರ್ನರ್ ಎಷ್ಟು ಒಳ್ಳೆಯದೋ ಅಷ್ಟು ಚೆನ್ನಾಗಿ ರೋಗವನ್ನು ಮುಚ್ಚಿಡುತ್ತದೆ. ಟ್ಯಾಂಕ್ ಬರಿದಾಗುತ್ತಾ ಬಂದಂತೆ ಮಿಶ್ರಣ ತಾನಾಗಿಯೇ ಲೀನ್ ಕಡೆಗೆ ಜಾರುತ್ತದೆ ಎಂಬುದನ್ನೂ ನೆನಪಿಡಿ. ಹಾರಾಟದ ಮೊದಲರ್ಧ ಸರಿಯಿದ್ದು ಕೊನೆಯಲ್ಲಷ್ಟೇ ತೊಂದರೆ ಬರುತ್ತಿದ್ದರೆ ಟ್ಯಾಂಕ್, ಇಂಧನದ ನಳಿಕೆ, ಅದರಲ್ಲಿರಬಹುದಾದ ಸೂಜಿಮೊನೆಯಷ್ಟರ ತೂತು, ಎಂಜಿನ್‌ನ ಹಿಂಬದಿಯ ಮುಚ್ಚಳದ ಗ್ಯಾಸ್ಕೆಟ್, ಇವುಗಳನ್ನು ನೋಡಬೇಕು. ಹಳೆಯ ಗ್ಲೋ ಪ್ಲಗ್ ಕೂಡ ಇದೇ ಆಟ ಆಡುತ್ತದೆ. ಬಿಸಿ ಮಾಡುವ ಬ್ಯಾಟರಿಯನ್ನು ತೆಗೆದೊಡನೆ ನಿಷ್ಕ್ರಿಯ ವೇಗ, ಅಂದರೆ ಭಾರವಿಲ್ಲದೆ ಸುಮ್ಮನೆ ಓಡುವ ವೇಗ, ಇಳಿದರೆ ಮೊದಲು ಪ್ಲಗ್ ಬದಲಾಯಿಸಿ ನೋಡಿ.

ಎರಡನೆಯ ಶಬ್ದ ಊಂ-ಊಂ-ಊಂ ಎಂದು ಏರಿಳಿಯುವುದು. ಹಂಟಿಂಗ್ ಎಂದು ಇದಕ್ಕೆ ಹೆಸರು. ಇದು ಮಾದರಿ ಹೆಲಿಕಾಪ್ಟರ್‌ಗಳಿಗಿಂತ ಬಹಳ ಹಳೆಯ ಕಾಯಿಲೆ. ಜೇಮ್ಸ್ ವಾಟ್ 1788ರಲ್ಲಿ ಉಗಿ ಎಂಜಿನ್‌ಗೆ ಸುತ್ತುವ ಗುಂಡುಗಳ ಗವರ್ನರ್ ಅಳವಡಿಸಿದ. ಮುಂದೆ ಅಂಥ ಎಂಜಿನ್‌ಗಳು ಹೀಗೆಯೇ ಓಲಾಡುತ್ತಿದ್ದವು. ವಿದ್ಯುತ್ಕಾಂತ ಸಿದ್ಧಾಂತದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳ ಕುರಿತೇ ಒಂದು ಪ್ರಬಂಧ ಬರೆದು, ಯಾವಾಗ ಓಲಾಟ ತಾನಾಗಿ ಅಡಗುತ್ತದೆ, ಯಾವಾಗ ಬೆಳೆಯುತ್ತಾ ಹೋಗುತ್ತದೆ ಎಂದು ಗಣಿತದಿಂದ ತೋರಿಸಿದ. ನಮ್ಮ ಕೆಲಸಕ್ಕೆ ಬೇಕಾದ ಸಾರ ಇಷ್ಟು: ತಿದ್ದುವ ಕೈ ತುಂಬ ಜೋರಾಗಿದ್ದು, ತಿದ್ದಿದ್ದರ ಫಲ ತಡವಾಗಿ ಬಂದರೆ ಓಲಾಟ ಹುಟ್ಟುತ್ತದೆ.

ಜೋರು ಕಡಿಮೆ ಮಾಡುವುದು ಸುಲಭ. ಗವರ್ನರ್‌ನ ಗೇನ್ ಇಳಿಸಿದರಾಯಿತು. ಬಹುತೇಕರು ಅಲ್ಲಿಗೇ ನಿಲ್ಲುತ್ತಾರೆ, ಆಮೇಲೆ ಗವರ್ನರ್ ಮಂದವಾಯಿತು ಎಂದು ಮತ್ತೊಂದು ದೂರು ತರುತ್ತಾರೆ. ಹುಡುಕಬೇಕಾದದ್ದು ತಡವನ್ನು. ಥ್ರಾಟಲ್ ಸರ್ವೋ ನಿಧಾನದ್ದೇ? ಸರ್ವೋ ತೋಳಿನಿಂದ ಕಾರ್ಬುರೇಟರ್‌ವರೆಗಿನ ಕಡ್ಡಿಯ ಬಾಲ್ ಲಿಂಕ್‌ಗಳು ಸವೆದು ಸಡಿಲವಾಗಿವೆಯೇ? ಎಂಜಿನ್ ನಿಂತಿರುವಾಗ ಕಾರ್ಬುರೇಟರ್‌ನ ತೋಳನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ. ಸರ್ವೋ ಕದಲದೆ ಅದು ಕದಲಿದರೆ ಅಷ್ಟೂ ತಡ. ಬಿಗಿ ಹಿಡಿದಿದ್ದರೂ ತೊಂದರೆಯೇ, ಸರ್ವೋ ಒತ್ತಿ ಒತ್ತಿ ಒಮ್ಮೆಲೇ ಜಿಗಿಯುತ್ತದೆ. ಥ್ರಾಟಲ್ ಅರ್ಧ ತೆರೆದಾಗ ಸರ್ವೋದ ತೋಳು ಹಾಗೂ ಕಾರ್ಬುರೇಟರ್‌ನ ತೋಳು ಎರಡೂ ಕಡ್ಡಿಗೆ ನೇರ ಲಂಬವಾಗಿರಬೇಕು. ಸರ್ವೋದ ಎರಡು ತುದಿಗಳ ಮಿತಿಯನ್ನು ಟ್ರಾನ್ಸ್‌ಮಿಟರ್‌ನಲ್ಲಿ ಮೊದಲು ಸರಿಪಡಿಸಿ, ಆಮೇಲೆ ಆ ಮಿತಿಗಳನ್ನು ಗವರ್ನರ್‌ಗೆ ಕಲಿಸಬೇಕು. ಕಲಿಸಿದ ಮೇಲೆ ಮಿತಿ ಬದಲಾಯಿಸಿದರೆ ಅದು ಕಲಿತದ್ದೆಲ್ಲ ತಪ್ಪು ಪಾಠ. ಇನ್ನು ರಿಚ್ ಎಂಜಿನ್ ತಾನೇ ತಡವಾಗಿ ಸ್ಪಂದಿಸುತ್ತದಲ್ಲ, ಅದು ಸಾಲದೆಂಬಂತೆ ಓಲಾಟಕ್ಕೂ ಕಾರಣ. ಮತ್ತೆ ಸೂಜಿಯ ಬುಡಕ್ಕೇ ಬಂದೆವು.

ಮೂರನೆಯದು ಹೆದರಿಸುವ ಶಬ್ದ: ಎಂಜಿನ್ ಹಿಡಿತ ತಪ್ಪಿ ಚೀರುವುದು. ಇಲ್ಲಿ ಎಣಿಕೆ ತಪ್ಪಿರಬಹುದು. ಫ್ಯಾನ್‌ನಲ್ಲಿ ಎರಡು ಅಯಸ್ಕಾಂತಗಳಿವೆ ಎಂದು ಗವರ್ನರ್‌ಗೆ ಹೇಳಿ, ಅವುಗಳಲ್ಲಿ ಒಂದು ಕಳಚಿ ಬಿದ್ದಿದ್ದರೆ ಅದು ಕಾಣುವುದು ಅರ್ಧ ವೇಗವನ್ನು. ಎಂಜಿನ್ ಸೋಮಾರಿಯಾಗಿದೆ ಎಂದುಕೊಂಡು ಥ್ರಾಟಲನ್ನು ಪೂರ್ತಿ ತೆರೆದುಬಿಡುತ್ತದೆ. ಉಲ್ಟಾ ಆಗಿದ್ದರೆ, ಒಂದೆಂದು ಹೇಳಿ ಎರಡಿದ್ದರೆ, ಎರಡರಷ್ಟು ವೇಗ ಕಂಡು ಥ್ರಾಟಲ್ ಮುಚ್ಚಿ ಕೂರುತ್ತದೆ. ಕೆಲವು ಸೆನ್ಸರ್‌ಗಳು ಅಯಸ್ಕಾಂತದ ಒಂದೇ ಧ್ರುವವನ್ನು ಗುರುತಿಸುತ್ತವೆ, ತಿರುವುಮುರುವಾಗಿ ಅಂಟಿಸಿದರೆ ಏನೂ ಕಾಣುವುದಿಲ್ಲ. ಸೆನ್ಸರ್ ಹಾಗೂ ಅಯಸ್ಕಾಂತದ ನಡುವಿನ ಎಡೆ ಒಂದೆರಡು ಮಿಲಿಮೀಟರ್ ಅಷ್ಟೆ. ಕಂಪನಕ್ಕೆ ಸೆನ್ಸರ್‌ನ ಪಟ್ಟಿ ಸಡಿಲವಾದರೆ ಆ ಎಡೆ ಬದಲಾಗಿ, ಸಂಕೇತ ಬಂದು ಬಂದು ಹೋಗುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ, ಎಂಜಿನ್ ಪಕ್ಕದಲ್ಲಿ ಅಷ್ಟು ಬಿಸಿ ದೊಡ್ಡ ವಿಷಯವಲ್ಲ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತಪ್ಪು ಎಂಬ ದೂರಿಗೆ ಇದೂ ಒಂದು ಕಾರಣ. ಇದನ್ನೆಲ್ಲ ಎಂಜಿನ್ ಆರಿಸಿ, ಫ್ಯಾನನ್ನು ಕೈಯಿಂದ ತಿರುಗಿಸಿ, ಗವರ್ನರ್‌ನ ಪರದೆ ಅಥವಾ ದೀಪ ನೋಡಿ ಪರೀಕ್ಷಿಸಬಹುದು.

ಎಂಜಿನ್ ಚೀರುತ್ತಿದೆ, ಆದರೆ ರೋಟರ್ ಮಂದವಾಗಿದೆ ಎಂದಾದರೆ ಕತೆಯೇ ಬೇರೆ. ಸೆನ್ಸರ್ ಅಳೆಯುವುದು ಎಂಜಿನ್‌ನ ವೇಗವನ್ನು, ರೋಟರ್‌ನದನ್ನಲ್ಲ. ನಡುವಿನ ಕ್ಲಚ್ ಜಾರುತ್ತಿದ್ದರೆ, ಅಥವಾ ಒಂದೇ ದಿಕ್ಕಿಗೆ ಹಿಡಿಯಬೇಕಾದ ಬೇರಿಂಗ್ ಹಿಡಿಯದಿದ್ದರೆ, ಗವರ್ನರ್‌ನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಕ್ಲಚ್‌ನ ಒಳಪದರ ಸವೆದಿದೆಯೇ, ಎಣ್ಣೆ ತಾಗಿದೆಯೇ ನೋಡಿ.

ವೇಗ ಸ್ಥಿರವಾಗಿದೆ, ಆದರೆ ನೀವು ಕೇಳಿದ್ದಲ್ಲ ಎಂದರೆ ಗೇರ್ ಅನುಪಾತ, ಅಂದರೆ ರೋಟರ್‌ನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತುತ್ತದೆ ಎಂಬ ಲೆಕ್ಕ, ಗವರ್ನರ್‌ನಲ್ಲಿ ತಪ್ಪಾಗಿ ತುಂಬಿದ್ದೀರಿ. 8.5 ಎಂದು ತುಂಬಿ ರೋಟರ್‌ಗೆ ನಿಮಿಷಕ್ಕೆ 1,800 ಸುತ್ತು ಕೇಳಿದರೆ ಗವರ್ನರ್ ಎಂಜಿನನ್ನು 15,300ರಲ್ಲಿ ನಿಲ್ಲಿಸುತ್ತದೆ. ನಿಜವಾದ ಅನುಪಾತ 9 ಆಗಿದ್ದರೆ ರೋಟರ್‌ಗೆ ಸಿಗುವುದು 1,700. ಇದಕ್ಕೆ ಬೆಳಕಿನಿಂದ ಅಳೆಯುವ ಟ್ಯಾಕೋಮೀಟರ್ ಬೇಕು, ಅದನ್ನು ಎರಡು ಬ್ಲೇಡ್‌ಗೆ ಹೊಂದಿಸಿ ಬಯಲಲ್ಲೇ ಬಳಸಬೇಕು. 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಅದರಡಿ ಟ್ಯಾಕೋಮೀಟರ್ ರೋಟರ್ ನಿಂತಿದ್ದರೂ 3,000 ಎಂದು ತೋರಿಸುತ್ತದೆ.

ವಿದ್ಯುತ್ ಹೆಲಿಕಾಪ್ಟರ್ ಇರುವವರು ಸೂಜಿಯ ಗೋಳಿಲ್ಲವೆಂದು ನಗುತ್ತಿರಬಹುದು. ನಿಮ್ಮ ಸ್ಪೀಡ್ ಕಂಟ್ರೋಲರ್‌ನ ಗವರ್ನರ್ ಮೋಡ್‌ಗೂ ಇದೇ ನಿಯಮ. ಬ್ಯಾಟರಿಯ ಒಂದೊಂದು ಕೋಶ 4.2 ವೋಲ್ಟ್‌ನಿಂದ ಶುರುವಾಗಿ ಇಳಿಯುತ್ತಾ ಹೋಗುತ್ತದೆ. ತುಂಬಿದ ಬ್ಯಾಟರಿಯಲ್ಲಿ ಮೋಟರ್ ಮುಟ್ಟಬಲ್ಲ ಗರಿಷ್ಠ ವೇಗವನ್ನೇ ಕೇಳಿದರೆ, ಒಂದೆರಡು ನಿಮಿಷದಲ್ಲಿ ಕೊಡಲು ಏನೂ ಉಳಿಯುವುದಿಲ್ಲ. ಗರಿಷ್ಠದ ಶೇಕಡಾ 70ರಿಂದ 80ರಷ್ಟನ್ನು ಕೇಳುವುದು ರೂಢಿ. ಮೋಟರ್‌ನ ಧ್ರುವಗಳ ಸಂಖ್ಯೆ ತಪ್ಪಾಗಿ ತುಂಬಿದರೆ ಅಯಸ್ಕಾಂತ ಬಿದ್ದುಹೋದಷ್ಟೇ ಅನಾಹುತ.

ಇಷ್ಟೆಲ್ಲ ನೋಡಿಯೂ ತೊಂದರೆ ಯಾವಾಗಲೋ ಒಮ್ಮೆ ಮಾತ್ರ ಕಾಣಿಸಿಕೊಳ್ಳುತ್ತಿದ್ದರೆ ತಂತಿಗಳತ್ತ ತಿರುಗಿ. ಚೌಕಟ್ಟಿನ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದ ಸೆನ್ಸರ್ ತಂತಿ, ಬಾಲಕ್ಕೆ ಹೋಗುವ ಬೆಲ್ಟ್‌ನ ಘರ್ಷಣೆಯಿಂದ ಹುಟ್ಟುವ ಸ್ಥಿರ ವಿದ್ಯುತ್ತು, ಸೊರಗಿದ ರಿಸೀವರ್ ಬ್ಯಾಟರಿ. ಇವೆಲ್ಲವೂ ನಿರ್ದೋಷಿ ಎಂದಾದರೆ ಆಗ, ಆಗಷ್ಟೇ, ಗವರ್ನರನ್ನು ಬಿಚ್ಚಿ.

ಸರಿಪಡಿಸಿದ ಮೇಲೆ ಮೊದಲ ಹಾರಾಟಕ್ಕೆ ಮುನ್ನ, ಸ್ಟಿಕ್ ಎಲ್ಲಿದ್ದರೂ ಥ್ರಾಟಲನ್ನು ನಿಷ್ಕ್ರಿಯ ಸ್ಥಾನಕ್ಕೆ ಇಳಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ ಗವರ್ನರನ್ನು ಖಚಿತವಾಗಿ ಆರಿಸುತ್ತದೆಯೇ ನೋಡಲೇಬೇಕು. ಆರಿಸದಿದ್ದರೆ, ತುರ್ತಿನಲ್ಲಿ ನೀವು ಎಂಜಿನ್ ಇಳಿಸಲು ಹೊರಟಾಗ ಅದು ವೇಗ ಬಿತ್ತೆಂದು ತಿಳಿದು ಥ್ರಾಟಲ್ ತೆರೆಯುತ್ತದೆ. ಬ್ಲೇಡ್‌ಗಳನ್ನು ಕಳಚಿಟ್ಟು, ಎಂಜಿನ್ ಚಾಲೂ ಮಾಡದೆ, ಟ್ರಾನ್ಸ್‌ಮಿಟರ್ ಹಾಗೂ ರಿಸೀವರ್ ಮಾತ್ರ ಹಚ್ಚಿ ಸ್ಟಿಕ್ಕನ್ನು ನಡುವಿಗೆ ತನ್ನಿ. ಹೋಲ್ಡ್ ಸ್ವಿಚ್ ಒತ್ತಿ. ಕಾರ್ಬುರೇಟರ್‌ನ ತೋಳು ನಿಷ್ಕ್ರಿಯ ಸ್ಥಾನಕ್ಕೆ ಹೋಗಿ ಅಲ್ಲೇ ನಿಲ್ಲಬೇಕು, ಗವರ್ನರ್ ಆರಿದೆಯೆಂದು ಅದರ ದೀಪವೂ ಹೇಳಬೇಕು. ಎರಡರಲ್ಲಿ ಒಂದು ಆಗದಿದ್ದರೂ ಅಂದು ಹಾರಿಸುವಂತಿಲ್ಲ.

ನಮಸ್ಕಾರ.