ಆಯುಧಪೂಜೆಯ ಹಿಂದಿನ ದಿನ, ನಮ್ಮ ಕಣದಲ್ಲಿ ಮೂರು ಗಾಡಿ

ಬೆಳಿಗ್ಗೆ ಆರೂವರೆ. ಕೊಡಗಿನ ಮಾದಾಪುರದ ಹತ್ತಿರ, ನಮ್ಮ ತೋಟದ ಮನೆ. ರಾತ್ರಿಯೆಲ್ಲಾ ಹೊಡೆದ ಮಳೆ ಈಗಷ್ಟೇ ಬಿಟ್ಟಿದೆ. ಕಾಫಿ ಕುಯ್ಲು ಶುರುವಾಗೋಕೆ ಇನ್ನೂ ಟೈಮಿದೆ, ಹಾಗಾಗಿ ಕಣ ಖಾಲಿ. ಇವತ್ತು ಅದು ಪೂರ್ತಿ ಗಾಡಿಗಳದ್ದು. ನಾಳೆ ಆಯುಧಪೂಜೆ ಅಲ್ವಾ, ಮೂರನ್ನೂ ತೊಳೆಯಬೇಕು.

ಎಡಗಡೆ ನಿಂತಿರುವುದು ನನ್ನ ಜಿಪ್ಸಿ. ನಡುವೆ ಮಾವನ ಮಹೀಂದ್ರಾ ಜೀಪು, ಎಂಎಂ 540. ಆ ತುದಿಯಲ್ಲಿ ಹೊಸದಾಗಿ ಹೊಳೆಯುತ್ತಿರುವುದು ನನ್ನ ಚಿಕ್ಕಪ್ಪನ ಮಗನ ಥಾರ್. ಅವನು ಶಾಂಪೂ, ಸ್ಪಂಜು ಎಲ್ಲಾ ತಂದಿದ್ದಾನೆ. ಮಾವ ತೆಂಗಿನ ನಾರು ಹಿಡಿದು ನಿಂತಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಬಸ್ಸು ಬರುವುದು ಡಾಂಬರು ಇರುವ ಕಡೆಗೆ ಮಾತ್ರ. ಆಮೇಲಿನ ಎರಡು ಕಿಲೋಮೀಟರ್ ಏರು, ಕೆಸರು, ತೋಡು, ಅದೆಲ್ಲಾ ನಮ್ಮ ಪಾಲಿಗೆ. ಹಾಗಾಗಿ ಇಲ್ಲಿ ಯಾರೂ ಗಾಡಿಯ ಮೈಲೇಜು ಮೊದಲು ಕೇಳುವುದಿಲ್ಲ. "ಮನೆವರೆಗೂ ಹತ್ತುತ್ತಾ?" ಅಂತ ಕೇಳುತ್ತಾರೆ.

ಮಾವನ ಜೀಪಿನ ಮುಂದಿನ ಚಕ್ರವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನಡುವೆ ಒಂದು ಗುಂಡನೆಯ ಬಿರಡೆ ಕಾಣುತ್ತಿದೆಯಲ್ಲ? ಅದೇ ಹಬ್. ಕೆಸರು ಬಂದಾಗ ಇಳಿದು, ಎರಡೂ ಕಡೆ ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕು. ಆಗಷ್ಟೇ ಮುಂದಿನ ಚಕ್ರಕ್ಕೂ ಎಂಜಿನ್ ಬಲ ತಲುಪುತ್ತದೆ. ಮಾವ ಇದನ್ನು ತಿರುಗಿಸುವಾಗ ಕತ್ತು ಓರೆ ಮಾಡಿ ಕಿವಿ ಕೊಡುತ್ತಾರೆ. "ಟಕ್" ಅಂತ ಶಬ್ದ ಬರಬೇಕು. ಬರದಿದ್ದರೆ ಬಿಚ್ಚಿ ಮತ್ತೆ ತಿರುಗಿಸುತ್ತಾರೆ. ಹಿಡಿದು ಹಿಡಿದು ಆ ಬಿರಡೆಯ ಅಂಚು ನುಣ್ಣಗಾಗಿದೆ, ಹಳೇ ಬೀಗದ ಕೈ ತರ.

ಒಳಗಿರುವುದು ಪ್ಯೂಜೋ ಡೀಸೆಲ್ ಎಂಜಿನ್, 2112 ಸಿಸಿ. ಸ್ಪೀಡ್ ಇಲ್ಲ. ಆದರೆ ವೇಗ ಇಳಿಸಿ ಬಲ ಹೆಚ್ಚಿಸುವ ಲೋ ಹಾಕಿ ಫಸ್ಟ್ ಗೇರಿನಲ್ಲಿ ಬಿಟ್ಟರೆ, ಎಂಥಾ ಇಳಿಜಾರಿನಲ್ಲೂ ಬ್ರೇಕ್ ತುಳಿಯಬೇಕಿಲ್ಲ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಯುತ್ತದೆ. ಒದ್ದೆ ಮಣ್ಣಿನ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ, ಜಾರುತ್ತಲೇ ಹೋಗುತ್ತದೆ. ಮಾವ ನನಗೆ ಡ್ರೈವಿಂಗ್ ಕಲಿಸುವಾಗ ಮೊದಲ ವಾರ ಹೇಳಿಕೊಟ್ಟಿದ್ದು ಇದೊಂದನ್ನೇ. ಆಷಾಢದಲ್ಲಿ ಇದಕ್ಕೂ ಸಾಲದೆ ಚಕ್ರಕ್ಕೆ ಚೈನ್ ಕಟ್ಟುತ್ತೇವೆ. ಆ ಚೈನಿನ ಝಲ್ ಝಲ್ ಕೇಳಿದರೆ ಅಮ್ಮ ಒಳಗೆ ಕಾಫಿಗೆ ನೀರಿಡುತ್ತಾರೆ.

2018ರ ಆಗಸ್ಟ್ ನಿಮಗೂ ನೆನಪಿರುತ್ತದೆ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಯೆಲ್ಲಾ ಗುಡ್ಡ ಜಾರಿದ ದಿನಗಳು. ಮೂರು ದಿನ ಮಾವ ಈ ಜೀಪಿನಲ್ಲೇ ಇದ್ದರು. ಜನರನ್ನು ಇಳಿಸಿ ಬರುತ್ತಿದ್ದರು, ಡೀಸೆಲ್ ಹಾಕಿಕೊಂಡು ಮತ್ತೆ ಹೋಗುತ್ತಿದ್ದರು. ಅದರ ಬಗ್ಗೆ ಅವರು ಜಾಸ್ತಿ ಮಾತಾಡುವುದಿಲ್ಲ. ನಾನೂ ಕೇಳುವುದಿಲ್ಲ.

ಆದರೆ ಕನಸಿನ ಗಾಡಿ ಯಾವುದು ಅಂತ ಕೇಳಿದರೆ ಮಾತ್ರ ಮಾವ ನಾರು ಕೆಳಗಿಟ್ಟು ಮಾತಿಗೆ ಕೂರುತ್ತಾರೆ. ಜೋಂಗಾ! ಹದಿನೇಳು ವರ್ಷ ಸೈನ್ಯದಲ್ಲಿದ್ದವರು ಅವರು. ನಿಸಾನ್ ಕಂಪನಿಯ ಪ್ಯಾಟ್ರೋಲ್ ಅನ್ನುವ ಗಾಡಿಯ ಮಾದರಿಯಲ್ಲಿ, ಜಬಲ್ಪುರದ ಕಾರ್ಖಾನೆಯಲ್ಲಿ ಸೈನ್ಯಕ್ಕೆಂದೇ ಮಾಡುತ್ತಿದ್ದ ಗಾಡಿ ಅದು. ಆರು ಸಿಲಿಂಡರ್, 3956 ಸಿಸಿ. "ಪೆಟ್ರೋಲ್ ನೀರಿನ ತರ ಕುಡಿಯುತ್ತೆ ಮಗಳೇ, ಆದರೆ ಬೆಟ್ಟದ ಬುಡದಲ್ಲಿ ಒಮ್ಮೆ ಗುಡುಗಿತು ಅಂದರೆ ತುದಿಯಲ್ಲೇ ಸುಮ್ಮನಾಗೋದು" ಅನ್ನುತ್ತಾರೆ. ಹೇಳುವಾಗ ಬಲಗೈ ತಾನಾಗಿಯೇ ಗೇರ್ ಬದಲಾಯಿಸುತ್ತಿರುತ್ತದೆ. ನೋಡಿ, ಈ ಶಾಟಿನಲ್ಲಿ ಕಾಣುತ್ತಿದೆ.

ಈಗ ನನ್ನದು. ಜಿಪ್ಸಿ ನಮ್ಮ ದೇಶದ ರಸ್ತೆಗೆ ಬಂದಿದ್ದು 1985ರ ಕೊನೆಗೆ, 970 ಸಿಸಿ ಎಂಜಿನ್ನಿನ ಜೊತೆ. ನನ್ನದು ಆಮೇಲೆ ಬಂದ 1300 ಸಿಸಿಯದ್ದು. ಸೆಕೆಂಡ್ ಹ್ಯಾಂಡ್ ತಗೊಂಡೆ. ಹದಿನೈದು ವರ್ಷ ದಾಟಿ, ಆರ್‌ಸಿ ರಿನ್ಯೂವಲ್ ಕೂಡ ಆಗಿದೆ. ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್, ಹಾಗಾಗಿ ಕುಲುಕಾಟ ಇದೆ. ಅಜ್ಜಿಯನ್ನು ಸೋಮವಾರಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಸೀಟಿಗೆ ಎರಡು ದಿಂಬು ಹಾಕುತ್ತೇನೆ. ಆದರೆ ಇದರ ಗುಣ ಇರುವುದು ಹಗುರದಲ್ಲಿ. ಹೋದ ವರ್ಷ ಗದ್ದೆ ಬದಿಯ ಕೆಸರಿನಲ್ಲಿ ಥಾರ್ ಹೂತುಕೊಂಡಿತು. ಆ ಜಾಗದಲ್ಲೇ ಜಿಪ್ಸಿ ಸುಮ್ನೆ ತೇಲಿಕೊಂಡು ದಾಟಿತು. ಕೊನೆಗೆ ಥಾರನ್ನು ಹಗ್ಗ ಕಟ್ಟಿ ಎಳೆದದ್ದೂ ಇದೇ.

ಹಾಗಂತ ಥಾರ್ ಬಗ್ಗೆ ಕೆಟ್ಟ ಮಾತಿಲ್ಲ. 2020ರಲ್ಲಿ ಬಂದ ಈ ಥಾರ್ 650 ಮಿಲಿಮೀಟರ್ ನೀರಿನಲ್ಲಿ ಇಳಿಯಬಲ್ಲದು ಅಂತ ಕಂಪನಿಯೇ ಹೇಳುತ್ತದೆ. ಎಸಿ ಹಾಕಿಕೊಂಡು ತೋಡು ದಾಟಬಹುದು ಅನ್ನುವುದು ನಮ್ಮ ಅಪ್ಪಂದಿರ ಕಾಲದಲ್ಲಿ ಯಾರೂ ಯೋಚಿಸಿರಲಿಲ್ಲ. ಆದರೆ ನಮ್ಮ ಹುಡುಗನ ಕನಸು ಅದಲ್ಲ. ಹದಿನಾಲ್ಕು ವರ್ಷದವನಿದ್ದಾಗ ಒಬ್ಬರು ಅವನನ್ನು ರ‍್ಯಾಲಿಗೆ ಸಿದ್ಧ ಮಾಡಿದ ಜಿಪ್ಸಿಯಲ್ಲಿ ಕೂರಿಸಿ, ಕುಯ್ಲು ಮುಗಿದ ಗದ್ದೆಯಲ್ಲಿ ಒಂದು ಸುತ್ತು ಹೊಡೆಸಿದ್ದರು. ಒಳಗೆ ಕಬ್ಬಿಣದ ಪೈಪುಗಳ ಪಂಜರ, ಒಂದೇ ಒಂದು ಎಕ್ಸ್‌ಟ್ರಾ ಸೀಟು. ಅವತ್ತಿನಿಂದ ಅವನಿಗೆ ಅಂಥದ್ದೇ ಬೇಕು. ನನ್ನ ಗಾಡಿಯ ಮೇಲೆ ಕಣ್ಣಿದೆ ಅಂತ ನನಗೆ ಗೊತ್ತು. ಕೊಡುವುದಿಲ್ಲ ಅಂತ ಅವನಿಗೂ ಗೊತ್ತು.

ಶೂಟ್ ಮಾಡುತ್ತಾ ನನಗೆ ಹೊಳೆದಿದ್ದು ಇದು. ನಾವ್ಯಾರೂ ಕಾಣದ ಗಾಡಿಯ ಕನಸು ಕಾಣುತ್ತಿಲ್ಲ. ಮೂವರದ್ದೂ ಒಮ್ಮೆ ಕೂತು, ಇಳಿದ ಗಾಡಿ.

ನಾನು ಕೂತು ಇಳಿದದ್ದು ಪಕ್ಕದ ತೋಟದ ಅಜ್ಜನ ವಿಲ್ಲಿಸ್ ಜೀಪಿನಲ್ಲಿ. ಸಿಜೆ-3ಬಿ. ಬಾನೆಟ್ ನೋಡಿ, ಎಷ್ಟು ಎತ್ತರ! ಅದಕ್ಕೊಂದು ಕಾರಣ ಇದೆ. ಹಳೇ ಜೀಪಿನ ಎಂಜಿನ್ನಿನಲ್ಲಿ ವಾಲ್ವ್‌ಗಳೆಲ್ಲಾ ಪಕ್ಕದಲ್ಲಿ ಬ್ಲಾಕಿನ ಒಳಗೇ ಇರುತ್ತಿದ್ದವು. ಇದರ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ವಾಲ್ವ್‌ಗಳನ್ನು ಮೇಲಕ್ಕೆ ತಂದರು. ಬಲ ಹೆಚ್ಚಿತು, ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತಬೇಕಾಯಿತು. ಅಮೆರಿಕದಲ್ಲಿ 1968ಕ್ಕೆ ಇದು ನಿಂತೇ ಹೋಯಿತು. ನಮ್ಮಲ್ಲಿ ಮಹೀಂದ್ರಾದವರು ಇದೇ ಮುಖದ ಜೀಪನ್ನು ಅದಾದ ಮೇಲೂ ಎಷ್ಟೋ ವರ್ಷ ಮಾಡಿದರು.

ಮಳೆಗಾಲದಲ್ಲಿ ನಮ್ಮನ್ನು ಶಾಲೆಗೆ ಬಿಡುತ್ತಿದ್ದದ್ದು ಇದೇ ಜೀಪು. ಹಿಂದೆ ಎದುರುಬದುರು ಎರಡು ಬೆಂಚು, ಹನ್ನೊಂದು ಮಕ್ಕಳು. ಟಾರ್ಪಾಲಿನ ಒಂದು ತೂತಿನಿಂದ ನೀರು ಸರಿಯಾಗಿ ನನ್ನ ಜಡೆಯ ಮೇಲೇ ಬೀಳುತ್ತಿತ್ತು. ಒದ್ದೆ ಯೂನಿಫಾರ್ಮ್, ಪೆಟ್ರೋಲು, ಯಾರದ್ದೋ ಡಬ್ಬಿಯ ಕಡುಬು, ಎಲ್ಲಾ ಸೇರಿ ಒಂದು ವಾಸನೆ. ಈಗಲೂ ಪೆಟ್ರೋಲ್ ಬಂಕಿನಲ್ಲಿ ಮಳೆ ಬಂದರೆ ನನಗೆ ಒಂದನೇ ಬೆಲ್ಲು ನೆನಪಾಗುತ್ತದೆ.

ಈಗ ಅದು ಅಜ್ಜನ ಶೆಡ್ಡಿನಲ್ಲಿ, ಮೆಣಸಿನ ಚೀಲಗಳ ಹಿಂದೆ ನಿಂತಿದೆ. ಪ್ರತಿ ಆಯುಧಪೂಜೆಗೆ ಹೋಗಿ ಕೇಳುತ್ತೇನೆ. ಪ್ರತಿ ಸಲ ಅಜ್ಜ ತಲೆ ಅಲ್ಲಾಡಿಸುತ್ತಾರೆ. ಇವತ್ತು ಸಂಜೆಯೂ ಹೋದೆ. ಮಡಿಕೇರಿ ದಸರೆಗೆ ಅವರ ಟ್ರ್ಯಾಕ್ಟರ್ ಮಂಟಪ ಎಳೆಯಲು ಹೊರಟಿತ್ತು, ಮನೆ ತುಂಬಾ ಗಲಾಟೆ. ಅಜ್ಜ ನನ್ನನ್ನು ನೋಡಿ, "ಎಂತ ಮಗಳೇ, ಈ ವರ್ಷವೂ ಅದೇ ಪ್ರಶ್ನೆಯಾ?" ಅಂದರು. ಹೌದಜ್ಜ, ಅಂದೆ.

ಅಜ್ಜ ಸ್ವಲ್ಪ ಹೊತ್ತು ಶೆಡ್ಡಿನ ಕಡೆಗೇ ನೋಡಿದರು. ಆಮೇಲೆ ಕೇಳಿದರು, "ನಿನ್ನ ಶೆಡ್ಡು ಸೋರುತ್ತಾ?"

ಅದಕ್ಕೇ ನೋಡಿ, ರಾತ್ರಿ ಎಂಟು ಗಂಟೆಗೆ ನಾನು, ಮಾವ, ನಮ್ಮ ಹುಡುಗ ಮೂರೂ ಜನ ಟಾರ್ಚ್ ಹಿಡಿದು ಶೆಡ್ಡಿನ ಮೇಲೆ ಇದ್ದೇವೆ. ಮೂಲೆಯ ಎರಡು ಶೀಟು ತೂತಾಗಿದೆ. ಮಾವ ಏಣಿ ಹಿಡಿದಿದ್ದ ಒಬ್ಬರನ್ನು ಶೀಟು ತರಲು ಕಳಿಸಿದ್ದಾರೆ. ನಾವು ಇಳಿಯುವುದು ಅವರು ಬಂದ ಮೇಲೆ.