ಬ್ಲಾಗಿಗರ ಲೆಕ್ಕದ ಪುಸ್ತಕ

ಕೇಳುಗರಿಗೆ ನಮಸ್ಕಾರ.

ಬ್ಲಾಗು ಬರೆಯುವ ಬಹಳ ಜನಕ್ಕೆ ಒಂದು ಚಟ ಇರುತ್ತದೆ. ಬೆಳಗ್ಗೆ ಕಾಫಿಗೂ ಮುಂಚೆ ಮೊಬೈಲು ತೆಗೆದು, ನಿನ್ನೆ ಎಷ್ಟು ವ್ಯೂಸ್ ಬಂತು ಅಂತ ನೋಡುವುದು. ಜಾಸ್ತಿ ಇದ್ದರೆ ಹಿಗ್ಗು, ಕಡಿಮೆ ಇದ್ದರೆ ಇಡೀ ದಿನ ಬೇಜಾರು. ಇದರಿಂದ ಬ್ಲಾಗಿನ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ.

ದಿನಕ್ಕೆ ಸುಮಾರು 20 ಜನ ಓದುವ ಬ್ಲಾಗು ಅಂದುಕೊಳ್ಳಿ. ಯಾವುದೂ ಬದಲಾಗದೇ ಇದ್ದರೂ ಒಂದು ದಿನ 12, ಇನ್ನೊಂದು ದಿನ 28 ಬರುವುದು ಸಹಜ. 20ರ ವರ್ಗಮೂಲ ಸುಮಾರು ನಾಲ್ಕೂವರೆ. ಅದರ ಎರಡರಷ್ಟು ಆಚೀಚೆ ಆದರೂ ಲೆಕ್ಕ ಬಲ್ಲವರು ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಬ್ಲಾಗಿಗೆ ತಿಂಗಳಿಗೆ 600 ಅಂತ ಹಿಡಿದರೆ, ಸುಮ್ಮನೆ ಆಗುವ ಏರುಪೇರು ಹೆಚ್ಚೂಕಡಿಮೆ 50ರ ಒಳಗೇ ನಿಲ್ಲುತ್ತದೆ. ಅಲ್ಲಿ 400ಕ್ಕೆ ಇಳಿಯಿತು ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಹಾಗಾಗಿ ದಿನದ ಅಂಕಿ ಬಿಟ್ಟುಬಿಡಿ. ತಿಂಗಳದ್ದನ್ನು ಬರೆದಿಡಿ, ಮೂರು ತಿಂಗಳಿಗೊಮ್ಮೆ ಎರಡು ಗಂಟೆ ಕೂತು ತೀರ್ಮಾನ ಮಾಡಿ.

ಬರೆದಿಡಲು ಒಂದು ನೋಟ್‌ಬುಕ್ ಸಾಕು, ಎಕ್ಸೆಲ್ ಬರುವವರು ಅದರಲ್ಲೇ ಮಾಡಲಿ. ಒಂದು ಬರಹಕ್ಕೆ ಒಂದು ಸಾಲು. ಎಡಗಡೆ ನಿಮ್ಮ ಕೈಯಲ್ಲಿರುವ ಸಂಗತಿಗಳು: ಪ್ರಕಟವಾದ ತಾರೀಖು, ತಲೆಬರಹ, ಎಷ್ಟು ಪದ, ಬರೆಯಲು ಹಿಡಿದ ಗಂಟೆ, ಯಾರು ಓದಲಿ ಅಂತ ಬರೆದದ್ದು. ಬಲಗಡೆ ಓದುಗರ ಸಂಗತಿಗಳು: 30ನೇ ದಿನಕ್ಕೆ ಎಷ್ಟು ವೀಕ್ಷಣೆ, ಅದರಲ್ಲಿ ಗೂಗಲ್ ಹುಡುಕಾಟದಿಂದ ಬಂದದ್ದೆಷ್ಟು, ಎಷ್ಟು ಜನ ಪ್ರಶ್ನೆ ಕೇಳಿದರು. 30ನೇ ದಿನ ಅನ್ನುವುದನ್ನು ಮರೆಯಬೇಡಿ. ಆರು ತಿಂಗಳ ಹಿಂದಿನ ಬರಹವನ್ನೂ ಮೊನ್ನೆಯದನ್ನೂ ಇವತ್ತಿನ ಎಣಿಕೆಯಲ್ಲಿ ಅಕ್ಕಪಕ್ಕ ಇಟ್ಟರೆ ಹಳೆಯದೇ ಗೆಲ್ಲುತ್ತದೆ, ಅದಕ್ಕೆ ಸಿಕ್ಕ ದಿನಗಳು ಹೆಚ್ಚು.

ಮೂರು ತಿಂಗಳಾದ ಮೇಲೆ ಮೊದಲು ಎಡಗಡೆ ಓದಿ. 12 ಬರಹ ಹಾಕುತ್ತೇನೆ ಅಂದುಕೊಂಡು 4 ಹಾಕಿದ್ದರೆ, ಓದುಗರು ಯಾಕೆ ಕಡಿಮೆಯಾದರು ಅಂತ ಬಲಗಡೆ ಹುಡುಕುವ ಅಗತ್ಯವೇ ಇಲ್ಲ. ಒಂದೊಂದು ಬರಹಕ್ಕೂ 9 ಗಂಟೆ ಹಿಡಿದಿದ್ದರೆ, ವಿಷಯ ದೊಡ್ಡದಾಯಿತೋ ಅಥವಾ ಫೋಟೊ ಜೋಡಿಸುವುದರಲ್ಲೇ ಹೊತ್ತು ಹೋಯಿತೋ ಅಲ್ಲೇ ಗೊತ್ತಾಗುತ್ತದೆ.

ಬಲಗಡೆಗೆ ಬಂದಾಗ ಸರಾಸರಿಯನ್ನು ನಂಬಬೇಡಿ. ಹತ್ತು ಬರಹಗಳಲ್ಲಿ ಒಂಬತ್ತಕ್ಕೆ ತಲಾ 40 ವೀಕ್ಷಣೆ. ಹತ್ತನೆಯದು ವಾಟ್ಸಾಪಿನಲ್ಲಿ ಹರಿದಾಡಿ 3000. ಸರಾಸರಿ ತೆಗೆದರೆ 336. ಪಟ್ಟಿಯಲ್ಲಿ 336ರ ಹತ್ತಿರ ಒಂದು ಬರಹವೂ ಇಲ್ಲ! ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತಗೊಳ್ಳಿ, ಹೈಸ್ಕೂಲಿನಲ್ಲಿ ಮಧ್ಯಾಂಕ ಅಂತ ಕಲಿತದ್ದು. ಇಲ್ಲಿ ಅದು 40. ಮುಂದಿನ ಮೂರು ತಿಂಗಳಲ್ಲಿ ಈ 40 ಎನ್ನುವುದು 55 ಆಯಿತೇ? ನಿಮ್ಮ ಬ್ಲಾಗು ಬೆಳೆದಿದೆ, ಯಾವ ಬರಹವೂ ಹರಿದಾಡದಿದ್ದರೂ.

ಎಣಿಸುವ ಸಾಧನಗಳ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಬ್ಲಾಗರ್ ಅನ್ನುವುದು ಗೂಗಲ್ ಕೊಡುವ ಬ್ಲಾಗು ತಾಣ, ಅನಾಲಿಟಿಕ್ಸ್ ಅನ್ನುವುದು ಭೇಟಿಗಳನ್ನು ಎಣಿಸುವ ಅದರ ಸಾಧನ. ಬ್ಲಾಗರ್‌ನ ಒಳಗೇ ಕಾಣುವ ಅಂಕಿ ಮತ್ತು ಗೂಗಲ್ ಅನಾಲಿಟಿಕ್ಸ್ ತೋರಿಸುವ ಅಂಕಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೊದಲನೆಯದರಲ್ಲಿ ಮನುಷ್ಯರಲ್ಲದ ಬಾಟ್‌ಗಳ ಓಡಾಟವೂ ಸೇರಿಕೊಳ್ಳುವುದುಂಟು. ಎರಡನೆಯದು ಓದುಗರ ಬ್ರೌಸರಿನಲ್ಲಿ ತನ್ನ ಕೋಡ್ ಓಡಿದರಷ್ಟೇ ಎಣಿಸುತ್ತದೆ, ಹಾಗಾಗಿ ಆ್ಯಡ್ ಬ್ಲಾಕರ್ ಹಾಕಿಕೊಂಡ ಕೆಲವರು ತಪ್ಪಿಹೋಗುತ್ತಾರೆ. ಎರಡರಲ್ಲಿ ಒಂದನ್ನು ಹಿಡಿದು ವರ್ಷವಿಡೀ ಅದನ್ನೇ ನೋಡಿ. ಚೆನ್ನಾಗಿ ಕಾಣುವ ಅಂಕಿಗೆ ತಿಂಗಳು ತಿಂಗಳು ಜಿಗಿಯುವುದು ಬೇಡ.

ನೀವೇ ಹತ್ತು ಸಲ ತೆರೆದು ನೋಡಿದ್ದೂ ಎಣಿಕೆಗೆ ಸೇರುತ್ತದೆ. ಅನಾಲಿಟಿಕ್ಸ್‌ನಲ್ಲಿ ಮನೆಯ ಇಂಟರ್‌ನೆಟ್ಟಿನ ಐಪಿ ವಿಳಾಸ, ಅಂದರೆ ಆ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಕೊಟ್ಟು ಸ್ವಂತ ಭೇಟಿಗಳನ್ನು ಸೋಸಬಹುದು. ಆದರೆ ಆ ಫಿಲ್ಟರ್ ಮೊದಲಿಗೆ ಟೆಸ್ಟಿಂಗ್ ಸ್ಥಿತಿಯಲ್ಲಿ ಇರುತ್ತದೆ, ನೀವಾಗಿ ಆ್ಯಕ್ಟಿವ್ ಮಾಡುವ ತನಕ ಅದು ಏನನ್ನೂ ಸೋಸುವುದಿಲ್ಲ. ಮೊಬೈಲ್ ಡೇಟಾದಲ್ಲಿ ಐಪಿ ಬದಲಾಗುತ್ತಲೇ ಇರುವುದರಿಂದ ಅಲ್ಲಿ ಈ ಉಪಾಯ ನಡೆಯದು. ಬ್ಲಾಗರ್‌ನಲ್ಲೂ ಸ್ವಂತ ವೀಕ್ಷಣೆ ಎಣಿಸದಂತೆ ಮಾಡುವ ಆಯ್ಕೆ ಇದೆ. ಒಂದೊಂದು ಬ್ರೌಸರಿನಲ್ಲೂ ಅದನ್ನು ಬೇರೆ ಬೇರೆಯಾಗಿ ಹಾಕಿಕೊಳ್ಳಬೇಕು.

ವಾಟ್ಸಾಪಿನಿಂದ ಬಂದವರಲ್ಲಿ ಬಹುಪಾಲು ಡೈರೆಕ್ಟ್ ಅನ್ನುವ ಖಾನೆಗೆ ಬೀಳುತ್ತಾರೆ, ಎಲ್ಲಿಂದ ಬಂದರು ಅನ್ನುವ ಸುಳಿವನ್ನು ಆ್ಯಪ್ ದಾಟಿಸದೇ ಇರುವುದರಿಂದ. ಹಂಚುವ ಕೊಂಡಿಯ ಕೊನೆಗೆ ಯುಟಿಎಂ ಗುರುತು, ಅಂದರೆ ಎಲ್ಲಿ ಹಂಚಿದ್ದು ಅಂತ ಹೇಳುವ ಪದಗಳನ್ನು, ಹಾಕಿದರೆ ಅದು ಬಿಡಿಯಾಗಿ ಕಾಣುತ್ತದೆ. ಇನ್ನು ಅನಾಲಿಟಿಕ್ಸ್ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತ ಭೇಟಿಯನ್ನು ಎಂಗೇಜ್ಡ್, ಅಂದರೆ ಮನಸ್ಸಿಟ್ಟು ನೋಡಿದ್ದು, ಅಂತ ಹೇಳಿಬಿಡುತ್ತದೆ. ಹತ್ತು ಸೆಕೆಂಡಿನಲ್ಲಿ ಕನ್ನಡದ ಒಂದು ಪ್ಯಾರಾ ಮುಗಿದರೆ ಹೆಚ್ಚು. ನಿಮ್ಮ ಬರಹವನ್ನು ನೀವೇ ಗಡಿಯಾರ ಇಟ್ಟುಕೊಂಡು ಮನಸ್ಸಿನಲ್ಲಿ ಓದಿ. ಐದು ನಿಮಿಷ ಹಿಡಿಯಿತು, ಓದುಗರು ಸರಾಸರಿ 40 ಸೆಕೆಂಡು ನಿಲ್ಲುತ್ತಿದ್ದಾರೆ ಅಂದರೆ ಬಹಳ ಮಂದಿ ಪೀಠಿಕೆಯಲ್ಲೇ ಎದ್ದು ಹೋಗುತ್ತಿದ್ದಾರೆ. ಪೀಠಿಕೆಯನ್ನು ಕತ್ತರಿಸಿ.

ಗೂಗಲ್ ಹುಡುಕಾಟದಲ್ಲಿ ನಿಮ್ಮ ಬ್ಲಾಗು ಹೇಗೆ ಕಾಣುತ್ತಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್ ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಸರಾಸರಿ ಸ್ಥಾನ ಅಂತ ಒಂದು ಅಂಕಿ ಇರುತ್ತದೆ. ಅದು 4 ಇದ್ದದ್ದು 22ಕ್ಕೆ ಇಳಿಯಿತು ಅಂತ ಕೆಲವರು ಗಾಬರಿಯಾಗುತ್ತಾರೆ. ಹೀಗೂ ಆಗಿರಬಹುದು: ನಿಮ್ಮ ಬರಹ ಮೊದಲು ಒಂದು ಹುಡುಕಾಟಕ್ಕೆ 4ನೇ ಸ್ಥಾನದಲ್ಲಿ 100 ಸಲ ಕಾಣಿಸುತ್ತಿತ್ತು. ಈಗ ಹೊಸದೊಂದು ಹುಡುಕಾಟಕ್ಕೂ 40ನೇ ಸ್ಥಾನದಲ್ಲಿ 100 ಸಲ ಕಾಣಿಸತೊಡಗಿದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ 22. ಹಳೆಯ ಜಾಗ ಅಲುಗಿಲ್ಲ, ಹೊಸ ಬಾಗಿಲು ತೆರೆದಿದೆ. ಅದಕ್ಕೇ ಒಟ್ಟು ಅಂಕಿ ಬಿಟ್ಟು ಒಂದೊಂದೇ ಪದದ ಸಾಲು ನೋಡಬೇಕು. ಆ ಪಟ್ಟಿಯಲ್ಲಿ ಇನ್ನೊಂದು ಲಾಭವೂ ಇದೆ. ಕನ್ನಡದ ಓದುಗರು ಕನ್ನಡ ಲಿಪಿಯಲ್ಲೂ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೂ ಹುಡುಕುತ್ತಾರೆ. ಉದಾಹರಣೆಗೆ, ಮೈಸೂರಿನ ಹೆಸರನ್ನು ಸರಕಾರ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮೈಸೂರು ಅಂತಲೇ ಮಾಡಿದ್ದರೂ, ಹುಡುಕುವ ಪೆಟ್ಟಿಗೆಯಲ್ಲಿ ಮೈಸೋರ್ ಇನ್ನೂ ನಡೆದೇ ಇದೆ. ನಿಮ್ಮ ಓದುಗರು ಹೇಗೆ ಬರೆಯುತ್ತಾರೆ ಅನ್ನುವುದು ಅಲ್ಲೇ ಕಾಣುತ್ತದೆ.

ಏನೂ ಕಾಣದಿದ್ದರೆ ಅಕ್ಷರವನ್ನು ಅನುಮಾನಿಸಿ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್ ಆರಿಸದೆ ಟೈಪ್ ಮಾಡಿ ಅಂಟಿಸಿದ್ದು ಗೂಗಲ್ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನಿಮ್ಮ ಬರಹದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ ನೋಡಿ.

ಈಗ ಹೋಲಿಕೆಯ ಮಾತು. ಪ್ರವಾಸ, ಹಬ್ಬ, ಬೆಳೆ ಕುರಿತು ಬರೆಯುವವರು ಈ ತಿಂಗಳನ್ನು ಹಿಂದಿನ ತಿಂಗಳ ಜೊತೆ ಹೋಲಿಸಲೇಬಾರದು. ಹಾಗಾದರೆ ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಬಹುದೇ? ಅಲ್ಲೂ ಮೋಸ ಹೋಗುತ್ತೀರಿ. 2023ರಲ್ಲಿ ಅಧಿಕ ಶ್ರಾವಣ ಬಂದು ವಿಜಯದಶಮಿ ಅಕ್ಟೋಬರ್ 24ಕ್ಕೆ ಹೋಯಿತು. 2024ರಲ್ಲಿ ಅಕ್ಟೋಬರ್ 12. 2025ರಲ್ಲಿ ಅಕ್ಟೋಬರ್ 2, ಅಂದರೆ ಆ ವರ್ಷ ಮೈಸೂರು ದಸರೆಯ ಹೆಚ್ಚಿನ ದಿನಗಳು ಸೆಪ್ಟೆಂಬರಿನಲ್ಲೇ ಕಳೆದವು. ದಸರೆ ಬಗ್ಗೆ ಬರೆಯುವವರು 2024ರ ಅಕ್ಟೋಬರನ್ನೂ 2025ರ ಅಕ್ಟೋಬರನ್ನೂ ಎದುರುಬದುರು ಇಟ್ಟರೆ ಬ್ಲಾಗು ಮುಳುಗಿತು ಅಂತಲೇ ಅನ್ನಿಸುತ್ತದೆ. ವಿಜಯದಶಮಿಗೆ ಹಿಂದಿನ 20 ದಿನ, ಮುಂದಿನ 5 ದಿನ, ಹೀಗೆ ಹಬ್ಬವನ್ನೇ ಗೂಟವಾಗಿಟ್ಟುಕೊಂಡು ವರ್ಷದಿಂದ ವರ್ಷಕ್ಕೆ ಹೋಲಿಸಿ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೂ ಇದೇ ಲೆಕ್ಕ. ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟದ ಬಗ್ಗೆ ಬರೆಯುವವರಿಗೆ ಮುಂಗಾರು ಯಾವಾಗ ಹಿಡಿಯಿತು ಅನ್ನುವುದೇ ಗೂಟ.

ಅಂಕಿ ಮುಚ್ಚಿಟ್ಟು ಮಾಡುವ ಕೆಲಸವೂ ಒಂದಿದೆ: ಹಳೆಯ ಬರಹವನ್ನು ಗಟ್ಟಿಯಾಗಿ ಓದುವುದು. ಮೂರು ತಿಂಗಳಿಗೊಮ್ಮೆ, ಹುಡುಕಾಟದಿಂದ ಹೆಚ್ಚು ಜನ ಬರುವ ಐದು ಬರಹ ಆರಿಸಿಕೊಳ್ಳಿ. ನಾಲಗೆ ತಡವರಿಸಿದ ವಾಕ್ಯಕ್ಕೆ ಗುರುತು ಹಾಕಿ. ಆಮೇಲೆ ಒಂದೊಂದು ಸಂಗತಿಯೂ ಇವತ್ತಿಗೆ ನಿಜವೇ ಅಂತ ನೋಡಿ. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧವಾಯಿತು. ಅದಕ್ಕೂ ಮುಂಚೆ ಬರೆದ ಬೈಕ್ ಪ್ರವಾಸದ ಬರಹ ತಿದ್ದದೇ ಉಳಿದಿದ್ದರೆ, ನಂಬಿ ಹೊರಟವರು ಪೊಲೀಸರ ಮುಂದೆ ನಿಲ್ಲಬೇಕಾಗುತ್ತದೆ. ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬನ್ನು ಮಂಡ್ಯದ ರೈತರು ಬಲ್ಲರು: ಹೊಸದಾಗಿ ಬಿತ್ತನೆ ಬೇಡ, ಆದರೆ ಗೊಬ್ಬರ ಕೊಟ್ಟು, ಸತ್ತ ಬುಡದ ಜಾಗ ತುಂಬಬೇಕು. ಹಳೆಯ ಬರಹವೂ ಅಷ್ಟೇ. ಒಂದು ಗಂಟೆ ತಿದ್ದಿದರೆ ಹೊಸದಕ್ಕೆ ಹಿಡಿಯುವ ಆರು ಗಂಟೆಗಿಂತ ಹೆಚ್ಚು ಓದುಗರನ್ನು ತಂದುಕೊಡುವುದುಂಟು. ತಿದ್ದಿದ ತಾರೀಖನ್ನು ಬರಹದ ಮೇಲೇ ಹಾಕಿ, ಕೊಂಡಿಯ ವಿಳಾಸವನ್ನು ಮಾತ್ರ ಮುಟ್ಟಬೇಡಿ. ಮುಟ್ಟಿದರೆ ಬೇರೆಯವರು ಕೊಟ್ಟ ಕೊಂಡಿಗಳೆಲ್ಲ ಮುರಿಯುತ್ತವೆ.

ತೀರ್ಮಾನ ಮಾಡುವಾಗ ಮೂರು ತಿಂಗಳಿಗೆ ಒಂದೇ ಬದಲಾವಣೆ. ತಲೆಬರಹದ ಶೈಲಿ, ಬರಹದ ಉದ್ದ, ವಾರದಲ್ಲಿ ಪ್ರಕಟಿಸುವ ದಿನ ಮೂರನ್ನೂ ಒಟ್ಟಿಗೆ ಬದಲಿಸಿದರೆ, ಏರಿದ್ದಕ್ಕೆ ಯಾವುದು ಕಾರಣ ಅಂತ ಯಾರಿಗೂ ಹೇಳಲಾಗದು. ಪುಸ್ತಕದಲ್ಲಿ ಒಂದು ಸಾಲು: ಏನು ಬದಲಿಸುತ್ತಿದ್ದೇನೆ, ಏನಾಗಬೇಕು ಅಂತ ಎಣಿಸಿದ್ದೇನೆ, ಯಾವ ತಾರೀಖಿಗೆ ನೋಡುತ್ತೇನೆ. ಮೊದಲೇ ಬರೆದಿಡಿ. ಆಮೇಲೆ ಬರೆದರೆ ಬಂದ ಫಲಕ್ಕೆ ತಕ್ಕ ಕಾರಣವನ್ನು ಮನಸ್ಸು ಹುಡುಕಿಕೊಳ್ಳುತ್ತದೆ.

ಕಡೆಯದಾಗಿ, ಸರ್ಚ್ ಕನ್ಸೋಲ್ 16 ತಿಂಗಳ ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಅನಾಲಿಟಿಕ್ಸ್‌ನಲ್ಲಿ ವಿವರವಾದ ಮಾಹಿತಿ ಉಳಿಯುವ ಅವಧಿ ಮೊದಲಿಗೆ 2 ತಿಂಗಳಿಗೆ ನಿಂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು 14 ತಿಂಗಳಿಗೆ ಏರಿಸಿಕೊಳ್ಳಬಹುದು. ಮೂರು ವರ್ಷದ ದಸರೆಯನ್ನು ಹೋಲಿಸಬೇಕಾದರೆ ಇವೆರಡೂ ಸಾಲವು. ಪ್ರತಿ ಮೂರು ತಿಂಗಳಿಗೆ ಎಕ್ಸ್‌ಪೋರ್ಟ್ ಮಾಡಿ, ಫೈಲಿಗೆ ವರ್ಷ ಮತ್ತು ತಿಂಗಳಿನ ಹೆಸರಿಟ್ಟು, ನಿಮ್ಮ ಕಂಪ್ಯೂಟರಿನಲ್ಲೇ ಉಳಿಸಿಕೊಳ್ಳಿ. ನಮಸ್ಕಾರ.